ಕಂಟ್ರೋಲ್-ಡಬ್ಲ್ಯೂ ಒತ್ತಿದರೆ ಇಡೀ ಪಾತ್ ಅಳಿಸಿ ಹೋಗುತ್ತಿದೆ, ಕೊನೆಯ ಫೋಲ್ಡರ್ ಮಾತ್ರ ಅಳಿಸುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಉಬುಂಟುವಿನಲ್ಲಿ ಬ್ಯಾಶ್ ಶೆಲ್ (ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) ಬಳಸುತ್ತೇನೆ. ದಿನವಿಡೀ ಲಾಗ್ ಫೈಲ್ ನೋಡುವ ಕೆಲಸ. ಟರ್ಮಿನಲ್‌ನಲ್ಲಿ ಹೀಗೊಂದು ಸಾಲು ಟೈಪ್ ಮಾಡಿರುತ್ತೇನೆ ಅಂದುಕೊಳ್ಳಿ:

ಲೆಸ್ /ವರ್/ಲಾಗ್/ಎಂಜಿನ್‌ಎಕ್ಸ್/ಆಕ್ಸೆಸ್.ಲಾಗ್

ಈಗ ಆಕ್ಸೆಸ್ ಬೇಡ, ಎರರ್ ಲಾಗ್ ಬೇಕು. ಕಂಟ್ರೋಲ್-ಡಬ್ಲ್ಯೂ ಒತ್ತಿದರೆ ‘ಲೆಸ್’ ಒಂದು ಉಳಿದು ಪೂರ್ತಿ ಪಾತ್ ಹೋಗುತ್ತದೆ. ಆಲ್ಟ್-ಬ್ಯಾಕ್‌ಸ್ಪೇಸ್ ಒತ್ತಿದರೆ ‘ಲಾಗ್’ ಮಾತ್ರ ಹೋಗಿ ‘ಆಕ್ಸೆಸ್.’ ಅಲ್ಲೇ ಇರುತ್ತದೆ. ನನಗೆ ಬೇಕಿರುವುದು ಕೊನೆಯ ಸ್ಲ್ಯಾಶ್‌ವರೆಗೆ ಅಳಿಸುವುದು, ಅಷ್ಟೇ.

ಹುಡುಕಿದಾಗ, ಹೋಮ್ ಫೋಲ್ಡರಿನಲ್ಲಿ .ಇನ್‌ಪುಟ್‌ಆರ್‌ಸಿ ಅನ್ನುವ ಫೈಲ್ ಮಾಡಿ ಕಂಟ್ರೋಲ್-ಡಬ್ಲ್ಯೂಗೆ ಯುನಿಕ್ಸ್-ಫೈಲ್‌ನೇಮ್-ರಬ್‌ಔಟ್ ಕೊಡಿ ಎಂದು ಸಿಕ್ಕಿತು. ಕೊಟ್ಟೆ. ಹೊಸ ಟರ್ಮಿನಲ್ ತೆರೆದೆ. ಏನೂ ಬದಲಾಗಲಿಲ್ಲ. ಅದೇ ಸಾಲಿನಲ್ಲಿ ಕೀ ಮಾತ್ರ ಬದಲಿಸಿ ಆಲ್ಟ್-ಕೆ ಅಂತ ಹಾಕಿದರೆ ಸರಿಯಾಗಿ ಕೆಲಸ ಮಾಡುತ್ತದೆ! ಹಾಗಾದರೆ ಕಂಟ್ರೋಲ್-ಡಬ್ಲ್ಯೂ ಯಾಕೆ ಹಿಡಿಯುತ್ತಿಲ್ಲ?

ಇನ್ನೊಂದು ವಿಷಯ. ಆಫೀಸಿನ ಈ ಯಂತ್ರದಲ್ಲಿ ಮೊದಲು ಪೇಜ್-ಅಪ್ ಒತ್ತಿದರೆ ಹಿಸ್ಟರಿಯಲ್ಲಿ ಹುಡುಕುತ್ತಿತ್ತು. ಅಡ್ಮಿನ್ ಹಾಕಿಟ್ಟಿದ್ದರಂತೆ. ಈ ಫೈಲ್ ಮಾಡಿದ ಮೇಲೆ ಅದೂ ನಿಂತಿದೆ.

ಸಣ್ಣಕರ್ಸರ್

ಬೈಂಡ್ -ಪಿ ಕೊಟ್ಟು ಅದರಲ್ಲಿ ಕಂಟ್ರೋಲ್-ಡಬ್ಲ್ಯೂ ಮುಂದೆ ಏನಿದೆ ನೋಡಿ ಹೇಳಿ. ಅಲ್ಲಿ ಕಾಣುವುದೇ ಬ್ಯಾಶ್ ನಿಜವಾಗಿ ನಡೆಸುವುದು. ಫೈಲಿನಲ್ಲಿ ಏನು ಬರೆದಿದ್ದೀರಿ ಅನ್ನುವುದು ಆಮೇಲಿನ ಮಾತು.

ತುಂಗಾತೀರ

ನೋಡಿದೆ. ಹಳೆಯ ಯುನಿಕ್ಸ್-ವರ್ಡ್-ರಬ್‌ಔಟ್ ಅಂತಲೇ ಇದೆ. ನಾನು ಬರೆದದ್ದನ್ನು ಓದಿಯೇ ಇಲ್ಲವೇನೋ.

ಕಪ್ಪುಪರದೆ

ಓದಿದೆ. ಓದಿದ ಮೇಲೆ ಅದರ ಮೇಲೆ ಬೇರೆಯದೊಂದು ಬಂದು ಕೂತಿದೆ. ಇದು ತುಂಬಾ ಜನರಿಗೆ ಎದುರಾಗುತ್ತದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಫೈಲಿಗೆ ಹಾಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ.

ನೀವು ಒಂದು ಕೀ ಒತ್ತಿದಾಗ ಅದು ಮೂರು ಕಡೆ ಹಾದು ಬರುತ್ತದೆ. ಮೊದಲು ಟರ್ಮಿನಲ್ ಪ್ರೋಗ್ರಾಂ, ಅಂದರೆ ನೀವು ಕಿಟಕಿಯಾಗಿ ನೋಡುವುದು. ಅದಾದ ಮೇಲೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗಿನ ಟಿಟಿವೈ, ಅಂದರೆ ಟರ್ಮಿನಲ್ ಮತ್ತು ಪ್ರೋಗ್ರಾಂ ನಡುವಿನ ಪದರ. ಕೊನೆಗೆ ಬ್ಯಾಶ್ ಒಳಗಿನ ರೀಡ್‌ಲೈನ್, ಅಂದರೆ ಟೈಪ್ ಮಾಡುವ ಸಾಲನ್ನು ತಿದ್ದಲು ಬಿಡುವ ಭಾಗ. ಶಾರ್ಟ್‌ಕಟ್ ಹಿಡಿಯುತ್ತಿಲ್ಲ ಅಂದರೆ ಈ ಮೂರರಲ್ಲಿ ಯಾರ ಕೈಯಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ಗೊತ್ತು ಮಾಡಿಕೊಳ್ಳಬೇಕು. ಅದು ಗೊತ್ತಾಗದೆ ಫೈಲಿನಲ್ಲಿ ಸಾಲು ಬದಲಿಸುತ್ತಾ ಕೂತರೆ ಸುಮ್ನೆ ಹೊತ್ತು ಹೋಗುತ್ತದೆ.

ಟಿಟಿವೈಗೆ ತನ್ನದೇ ಆದ ಕೆಲವು ಕೀಗಳಿವೆ. ಎಸ್‌ಟಿಟಿವೈ -ಎ ಕೊಟ್ಟರೆ ಪಟ್ಟಿ ಬರುತ್ತದೆ. ಅದರಲ್ಲಿ ‘ಡಬ್ಲ್ಯೂಇರೇಸ್ = ^ಡಬ್ಲ್ಯೂ’ ಅಂತ ಕಾಣುತ್ತದೆ ನೋಡಿ. ಸುಮ್ಮನೆ ಕ್ಯಾಟ್ ಅಂತ ಕೊಟ್ಟು, ನಾಲ್ಕು ಪದ ಟೈಪ್ ಮಾಡಿ ಕಂಟ್ರೋಲ್-ಡಬ್ಲ್ಯೂ ಒತ್ತಿ. ಅಲ್ಲಿ ರೀಡ್‌ಲೈನ್ ಇಲ್ಲವೇ ಇಲ್ಲ, ಆದರೂ ಪದ ಅಳಿಯುತ್ತದೆ. ಅಳಿಸುತ್ತಿರುವುದು ಕರ್ನಲ್.

ಬಳಕೆದಾರನಿಗೆ ಎರಡೂ ಕಡೆ ಒಂದೇ ಥರ ಇರಲಿ ಅಂತ ರೀಡ್‌ಲೈನ್ ಏನು ಮಾಡುತ್ತದೆ ಗೊತ್ತಾ? ಟಿಟಿವೈ ಪಟ್ಟಿ ಓದಿ, ಅದರಲ್ಲಿನ ಸಾಲು ತಿದ್ದುವ ಕೆಲವು ಕೀಗಳನ್ನು ತನ್ನಲ್ಲೂ ಹಾಗೇ ಕಟ್ಟಿಕೊಳ್ಳುತ್ತದೆ. ನಿಮ್ಮ ಫೈಲಿನಲ್ಲಿ ಬೇರೆ ಬರೆದಿದ್ದರೂ ಇದೇ ಗೆಲ್ಲುತ್ತದೆ. ಕಂಟ್ರೋಲ್-ಯು, ಕಂಟ್ರೋಲ್-ವಿ ಕೂಡ ಇದೇ ಗುಂಪಿನವು. ಆಲ್ಟ್-ಕೆ ಈ ಗುಂಪಿನಲ್ಲಿಲ್ಲ, ಅದಕ್ಕೇ ಅದು ತಕ್ಷಣ ಕೆಲಸ ಮಾಡಿತು.

ಬಿಡಿಸುವ ದಾರಿ, ಇನ್‌ಪುಟ್‌ಆರ್‌ಸಿ ಫೈಲಿನಲ್ಲಿ ಈ ಎರಡು ಸಾಲು:

ಸೆಟ್ ಬೈಂಡ್-ಟಿಟಿವೈ-ಸ್ಪೆಷಲ್-ಚಾರ್ಸ್ ಆಫ್
"\ಸಿ-ಡಬ್ಲ್ಯೂ": ಯುನಿಕ್ಸ್-ಫೈಲ್‌ನೇಮ್-ರಬ್‌ಔಟ್

ಎರಡನೇ ಸಾಲಿನ ಉದ್ಧರಣ ಚಿಹ್ನೆ ಬಿಡಬೇಡಿ. ಹೊಸ ಶೆಲ್ ತೆರೆದು ಅದೇ ಪಾತ್ ಮೇಲೆ ಒತ್ತಿ ನೋಡಿ. ಮೊದಲ ಸಲ ‘/ವರ್/ಲಾಗ್/ಎಂಜಿನ್‌ಎಕ್ಸ್/’ ಉಳಿಯಬೇಕು, ಎರಡನೇ ಸಲ ‘/ವರ್/ಲಾಗ್/’.

ಎಸ್‌ಟಿಟಿವೈ ಡಬ್ಲ್ಯೂಇರೇಸ್ ಅನ್‌ಡೆಫ್ ಅಂತ ಬ್ಯಾಶ್‌ಆರ್‌ಸಿಯಲ್ಲಿ (ಬ್ಯಾಶ್ ಶುರುವಾಗುವಾಗ ಓದುವ ಫೈಲ್) ಹಾಕಿ ಅಂತಲೂ ಕೆಲವರು ಹೇಳುತ್ತಾರೆ. ಅದೂ ನಡೆಯುತ್ತದೆ, ಆದರೆ ನನಗೆ ಇಷ್ಟವಿಲ್ಲ. ಹಾಗೆ ಮಾಡಿದರೆ ರೀಡ್‌ಲೈನ್ ಬಳಸದ ಪ್ರೋಗ್ರಾಂಗಳಲ್ಲಿ ಪದ ಅಳಿಸುವ ಸೌಲಭ್ಯವೇ ಹೋಗುತ್ತದೆ. ಮೇಲಿನ ದಾರಿಯಲ್ಲಿ ಕರ್ನಲ್ ಪಾಡಿಗೆ ಕರ್ನಲ್, ಬ್ಯಾಶ್ ಪಾಡಿಗೆ ಬ್ಯಾಶ್.

ಇನ್ನು ಪೇಜ್-ಅಪ್ ವಿಷಯ. ರೀಡ್‌ಲೈನ್ ಮೊದಲು ನಿಮ್ಮ ಹೋಮ್‌ನಲ್ಲಿರುವ ಫೈಲ್ ಹುಡುಕುತ್ತದೆ. ಅದು ಇಲ್ಲದಿದ್ದರೆ ಮಾತ್ರ /ಇಟಿಸಿ/ಇನ್‌ಪುಟ್‌ಆರ್‌ಸಿ ಓದುತ್ತದೆ. ಎರಡನ್ನೂ ಸೇರಿಸಿ ಓದುವುದಿಲ್ಲ. ನೀವು ಸ್ವಂತ ಫೈಲ್ ಮಾಡಿದ ಕ್ಷಣವೇ ಅಡ್ಮಿನ್ ಹಾಕಿದ್ದೆಲ್ಲ ಮರೆಯಾಯಿತು. ಫೈಲಿನ ಮೊದಲ ಸಾಲಾಗಿ ಇದನ್ನು ಹಾಕಿ:

$ಇನ್‌ಕ್ಲೂಡ್ /ಇಟಿಸಿ/ಇನ್‌ಪುಟ್‌ಆರ್‌ಸಿ

ಸ್ವಂತ ಇನ್‌ಪುಟ್‌ಆರ್‌ಸಿ ಮಾಡುವ ಯಾರೇ ಆಗಲಿ, ಈ ಸಾಲಿನಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತುಂಗಾತೀರ

ಎರಡೂ ಸರಿಯಾಯಿತು! ತುಂಬಾ ಧನ್ಯವಾದ ಸರ್. ಕ್ಯಾಟ್ ಕೊಟ್ಟು ನೋಡಿದ ಮೇಲೆ ಪೂರ್ತಿ ಅರ್ಥವಾಯಿತು. ಒಂದು ಕೇಳಬೇಕಿತ್ತು. ಫೈಲ್ ಬದಲಿಸಿದಾಗೆಲ್ಲ ಹೊಸ ಟರ್ಮಿನಲ್ ತೆರೆಯಲೇಬೇಕಾ?

ಸಣ್ಣಕರ್ಸರ್

ಬೇಡ. ಕಂಟ್ರೋಲ್-ಎಕ್ಸ್, ಆಮೇಲೆ ಕಂಟ್ರೋಲ್-ಆರ್ ಒತ್ತಿದರೆ ಫೈಲನ್ನು ಮತ್ತೆ ಓದುತ್ತದೆ. ಆದರೆ ಫೈಲಿನಿಂದ ಒಂದು ಸಾಲು ತೆಗೆದಿದ್ದರೆ ಹಳೆಯ ಬೈಂಡಿಂಗ್ (ಕೀಗೆ ಕಟ್ಟಿದ ಕೆಲಸ) ಹಾಗೇ ಉಳಿದಿರುತ್ತದೆ. ಹೊಸದನ್ನು ಸೇರಿಸುವುದಷ್ಟೇ ಅದರ ಕೆಲಸ. ತೆಗೆದದ್ದನ್ನು ಪರೀಕ್ಷೆ ಮಾಡಬೇಕಾದರೆ ಹೊಸ ಶೆಲ್ಲೇ ಬೇಕು.

ಸರ್ವರ್‌ಕಾವಲು

ತಾಂತ್ರಿಕವಾಗಿ ಎಲ್ಲ ಸರಿ. ಆದರೂ ನನ್ನದೊಂದು ತಕರಾರಿದೆ. ಕಂಟ್ರೋಲ್-ಡಬ್ಲ್ಯೂ ಥರದ ಹಳೆಯ ಕೀಗಳ ಅರ್ಥ ಬದಲಿಸಬಾರದು. ನಾನು ದಿನವೂ ಬೇರೆಯವರ ಸರ್ವರ್‌ಗಳಿಗೆ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಲಾಗಿನ್ ಆಗಿ) ಕೆಲಸ ಮಾಡುವವನು. ಅಲ್ಲಿ ನನ್ನ ಇನ್‌ಪುಟ್‌ಆರ್‌ಸಿ ಇರುವುದಿಲ್ಲ. ಸುಡೋ ಹಾಕಿ ರೂಟ್ (ಅಡ್ಮಿನ್) ಶೆಲ್‌ಗೆ ಹೋದರೆ ನನ್ನದೇ ಯಂತ್ರದಲ್ಲೂ ರೂಟ್‌ನ ಸೆಟ್ಟಿಂಗ್ ಬರುತ್ತದೆ. ಬೆರಳಿಗೆ ಒಂದು ಅಭ್ಯಾಸ, ಪರದೆ ಮೇಲೆ ಇನ್ನೊಂದು ಅಂತಾದರೆ ರಾತ್ರಿ ಹೊತ್ತು ಸರ್ವರ್ ಬಿದ್ದಾಗ ಕಷ್ಟ.

ಡಿಫಾಲ್ಟ್‌ನಲ್ಲಿ ಏನಿದೆ ಅಂತ ಪೂರ್ತಿ ಕಲಿಯದೆ ಜನ ಬದಲಾಯಿಸಲು ಹೊರಡುತ್ತಾರೆ. ಆಲ್ಟ್-ಚುಕ್ಕಿ ಒತ್ತಿದರೆ ಹಿಂದಿನ ಕಮಾಂಡಿನ ಕೊನೆಯ ಆರ್ಗ್ಯುಮೆಂಟ್ ಬಂದು ಕೂರುತ್ತದೆ. ಮತ್ತೆ ಮತ್ತೆ ಒತ್ತಿದರೆ ಅದಕ್ಕೂ ಹಿಂದಿನವು. ಕಂಟ್ರೋಲ್-ಎಕ್ಸ್ ಕಂಟ್ರೋಲ್-ಇ ಒತ್ತಿದರೆ ಇಡೀ ಸಾಲು ನಿಮ್ಮ ಎಡಿಟರ್‌ನಲ್ಲಿ ತೆರೆಯುತ್ತದೆ, ಉಳಿಸಿ ಹೊರಬಂದರೆ ಓಡುತ್ತದೆ. ಅರ್ಧ ಟೈಪ್ ಮಾಡಿದ ಅಪಾಯದ ಕಮಾಂಡ್ ಬದಿಗಿಡಬೇಕಾದರೆ ಆಲ್ಟ್-ಹ್ಯಾಶ್: ಸಾಲಿನ ಮುಂದೆ ಹ್ಯಾಶ್ ಬಂದು ಅದು ಕಾಮೆಂಟ್ ಆಗಿ ಹಿಸ್ಟರಿಗೆ ಸೇರುತ್ತದೆ. ಯಾವ ಸರ್ವರ್‌ಗೆ ಹೋದರೂ ಇವು ಇರುತ್ತವೆ. ಮೊದಲು ಇವನ್ನು ಕಲಿಯಿರಿ ಅನ್ನುತ್ತೇನೆ.

ಕಪ್ಪುಪರದೆ

ಕಲಿಯಬೇಕು ಅನ್ನುವುದನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಬದಲಿಸಲೇಬಾರದು ಅನ್ನುವುದನ್ನು ಒಪ್ಪುವುದಿಲ್ಲ.

ಅಭ್ಯಾಸ ತಪ್ಪಿದರೆ ಏನು ನಷ್ಟ ಅಂತ ಕೀ ನೋಡಿ ಲೆಕ್ಕ ಹಾಕಬೇಕು. ಬೇರೆ ಸರ್ವರ್‌ನಲ್ಲಿ ಕಂಟ್ರೋಲ್-ಡಬ್ಲ್ಯೂ ಒತ್ತಿ ಇಡೀ ಪಾತ್ ಹೋಯಿತು ಅಂದುಕೊಳ್ಳಿ. ಕಂಟ್ರೋಲ್-ವೈ ಒತ್ತಿದರೆ ಅಳಿಸಿದ್ದೆಲ್ಲ ವಾಪಸ್ ಬರುತ್ತದೆ. ರೀಡ್‌ಲೈನ್ ಅದನ್ನು ಎಸೆದಿರುವುದಿಲ್ಲ, ಕಿಲ್ ರಿಂಗ್‌ನಲ್ಲಿ ಇಟ್ಟಿರುತ್ತದೆ. ಇಲ್ಲಿ ಹೋಗುವುದು ಒಂದು ಕ್ಷಣ ಮಾತ್ರ. ಆದರೆ ಎಂಟರ್ ಕೀಗೋ, ಕಂಟ್ರೋಲ್-ಸಿಗೋ, ಕಂಟ್ರೋಲ್-ಡಿಗೋ ಕೈ ಹಾಕಿದರೆ ಕಥೆ ಬೇರೆ. ಅವನ್ನು ಮುಟ್ಟಲೇಬಾರದು.

ದಿನಕ್ಕೆ ನೂರಾರು ಸಲ ಮಾಡುವ ಕೆಲಸ ಕೈಗೆ ಹಿತವಾಗಿರಲಿ ಅನ್ನುವುದು ಸಣ್ಣ ಆಸೆಯಲ್ಲ. ತುಂಗಾತೀರ ಅವರ ಕೆಲಸವೇ ಪಾತ್ ತಿದ್ದುವುದು. ಅವರು ಬದಲಿಸಿಕೊಳ್ಳಲಿ ಬಿಡಿ.

ಸರ್ವರ್‌ಕಾವಲು

ಕಂಟ್ರೋಲ್-ವೈ ಮಾತು ಒಪ್ಪಿದೆ. ಆದರೂ ಖಾಲಿ ಇರುವ ಕೀಗೆ ಕಟ್ಟಿಕೊಳ್ಳುವುದೇ ಒಳ್ಳೆಯದು ಅನ್ನಿಸುತ್ತದೆ. ಬ್ರೌಸರ್ ಒಳಗಿನ ಟರ್ಮಿನಲ್ ಬಳಸುವವರಿಗಂತೂ ಇನ್ನೂ ಮುಖ್ಯ. ಅಲ್ಲಿ ಕಂಟ್ರೋಲ್-ಡಬ್ಲ್ಯೂ ಒತ್ತಿದರೆ ಟ್ಯಾಬ್ ಮುಚ್ಚಿಹೋಗುತ್ತದೆ! ಕೀ ಶೆಲ್‌ವರೆಗೆ ಬರುವುದೇ ಇಲ್ಲ, ಇನ್‌ಪುಟ್‌ಆರ್‌ಸಿಯಲ್ಲಿ ಏನು ಬರೆದರೂ ಪ್ರಯೋಜನವಿಲ್ಲ. ನಿಮ್ಮ ಮೂರು ಹಂತದ ಮಾತಿಗೆ ಇದೇ ಸರಿಯಾದ ಉದಾಹರಣೆ, ಅಲ್ವಾ?

ತುಂಗಾತೀರ

ಅಯ್ಯೋ, ನಮ್ಮ ತಂಡದಲ್ಲಿ ಒಂದು ಬ್ರೌಸರ್ ಟರ್ಮಿನಲ್ ಇದೆ. ಹಾಗಾದರೆ ಕಂಟ್ರೋಲ್-ಬ್ಯಾಕ್‌ಸ್ಪೇಸ್‌ಗೆ ಕಟ್ಟಬಹುದಾ? ಬೇರೆ ಎಲ್ಲ ಅಪ್ಲಿಕೇಶನ್‌ಗಳಲ್ಲಿ ಪದ ಅಳಿಸುವುದು ಅದೇ ಅಲ್ಲವೇ.

ಕಪ್ಪುಪರದೆ

ಕಟ್ಟಬಹುದು, ಆದರೆ ಮೊದಲು ಒಂದು ಪರೀಕ್ಷೆ ಮಾಡಿ. ಕಂಟ್ರೋಲ್-ವಿ ಒತ್ತಿ, ಆಮೇಲೆ ಬರೀ ಬ್ಯಾಕ್‌ಸ್ಪೇಸ್ ಒತ್ತಿ. ಕೀ ಏನು ಕಳಿಸುತ್ತಿದೆ ಅನ್ನುವುದು ಪರದೆ ಮೇಲೆ ಕಾಣುತ್ತದೆ. ಈಗಿನ ಹೆಚ್ಚಿನ ಲಿನಕ್ಸ್ ಟರ್ಮಿನಲ್‌ಗಳಲ್ಲಿ ‘^?’ ಬರುತ್ತದೆ. ಮತ್ತೆ ಕಂಟ್ರೋಲ್-ವಿ ಒತ್ತಿ ಕಂಟ್ರೋಲ್-ಬ್ಯಾಕ್‌ಸ್ಪೇಸ್ ಒತ್ತಿ. ಅಲ್ಲಿ ‘^ಎಚ್’ ಬಂದರೆ ದಾರಿ ಸಲೀಸು:

"\ಸಿ-ಎಚ್": ಯುನಿಕ್ಸ್-ಫೈಲ್‌ನೇಮ್-ರಬ್‌ಔಟ್

ಎರಡಕ್ಕೂ ಒಂದೇ ಬಂದರೆ ಮಾತ್ರ ಇದನ್ನು ಹಾಕಬೇಡಿ. ಬರೀ ಬ್ಯಾಕ್‌ಸ್ಪೇಸ್ ಕೂಡ ‘^ಎಚ್’ ಕಳಿಸುವ ಟರ್ಮಿನಲ್‌ಗಳಿವೆ. ಅಲ್ಲಿ ಒಂದಕ್ಷರ ಅಳಿಸಲು ಹೋದರೆ ಇಡೀ ಹೆಸರು ಅಳಿಸಿ ಹೋಗುತ್ತದೆ.

ಹೀಗೆ ಯಾಕೆ ಅಂದರೆ, ಟರ್ಮಿನಲ್‌ಗೆ ‘ಕಂಟ್ರೋಲ್ ಒತ್ತಿದ್ದಾರೆ’ ಅಂತ ಬೇರೆಯಾಗಿ ಹೇಳುವ ವ್ಯವಸ್ಥೆ ಮೂಲದಲ್ಲಿ ಇಲ್ಲ. ಕಂಟ್ರೋಲ್ ಹಿಡಿದು ಅಕ್ಷರ ಒತ್ತಿದರೆ ಆ ದೊಡ್ಡಕ್ಷರದ ಆಸ್ಕಿ ಸಂಖ್ಯೆಯಿಂದ 64 ಕಳೆದ ಸಂಖ್ಯೆ ಹೋಗುತ್ತದೆ. ಡಬ್ಲ್ಯೂ 87, ಹಾಗಾಗಿ ಕಂಟ್ರೋಲ್-ಡಬ್ಲ್ಯೂ ಅಂದರೆ 23. ಐ 73, ಆದ್ದರಿಂದ ಕಂಟ್ರೋಲ್-ಐ ಅಂದರೆ 9. ಟ್ಯಾಬ್ ಕೀಯ ಸಂಖ್ಯೆಯೂ ಅದೇ 9. ಕಂಟ್ರೋಲ್-ಎಂ ಮತ್ತು ಎಂಟರ್, ಎರಡೂ 13. ಕಂಟ್ರೋಲ್ ಜೊತೆ ಎಡ ಚೌಕ ಆವರಣ ಒತ್ತಿದರೆ 27, ಅದು ಎಸ್ಕೇಪ್. ರೀಡ್‌ಲೈನ್‌ಗೆ ಕಾಣುವುದು ಸಂಖ್ಯೆ ಮಾತ್ರ. ಕಂಟ್ರೋಲ್-ಐಗೆ ಏನೋ ಕಟ್ಟಿದೆ, ಟ್ಯಾಬ್ ಕಂಪ್ಲೀಷನ್ ಹೋಯಿತು ಅಂತ ಕೇಳುವವರಿಗೆ ಉತ್ತರವೂ ಇದೇ. ಕಿಟ್ಟಿ ಟರ್ಮಿನಲ್‌ನವರು ಇದನ್ನು ಸರಿಪಡಿಸಲು ಹೊಸ ಕೀಬೋರ್ಡ್ ಪ್ರೋಟೋಕಾಲ್ ಮಾಡಿದ್ದಾರೆ, ಆದರೆ ಟರ್ಮಿನಲ್ ಮತ್ತು ಒಳಗಿನ ಪ್ರೋಗ್ರಾಂ ಎರಡಕ್ಕೂ ಅದು ಗೊತ್ತಿರಬೇಕು.

ಝೆಡ್‌ಶೆಲ್‌ಹಾದಿ

ಮ್ಯಾಕ್ ಬಳಸುವವರಿಗಾಗಿ ಬರೆಯುತ್ತಿದ್ದೇನೆ. 2019ರ ಕ್ಯಾಟಲಿನಾದಿಂದ ಮ್ಯಾಕ್‌ನ ಡಿಫಾಲ್ಟ್ ಶೆಲ್ ಝೆಡ್‌ಶೆಲ್. ಅದು ರೀಡ್‌ಲೈನ್ ಬಳಸುವುದೇ ಇಲ್ಲ, ಅದಕ್ಕೆ ಝೆಡ್‌ಎಲ್‌ಇ ಅಂತ ಸ್ವಂತದ್ದಿದೆ. ಇನ್‌ಪುಟ್‌ಆರ್‌ಸಿಯಲ್ಲಿ ಎಷ್ಟು ಬರೆದರೂ ಝೆಡ್‌ಶೆಲ್ ಅತ್ತ ತಿರುಗಿಯೂ ನೋಡುವುದಿಲ್ಲ. ಅಲ್ಲಿ ಬೈಂಡ್ ಬದಲು ಬೈಂಡ್‌ಕೀ.

ಅಲ್ಲಿ ಪದ ಅಂದರೆ ಏನು ಅನ್ನುವುದನ್ನು ವರ್ಡ್‌ಚಾರ್ಸ್ ಅನ್ನುವ ವೇರಿಯಬಲ್ ತೀರ್ಮಾನಿಸುತ್ತದೆ. ಅಕ್ಷರ, ಅಂಕಿ ಬಿಟ್ಟು ಇನ್ನೇನೇನು ಪದದ ಭಾಗ ಅನ್ನುವ ಪಟ್ಟಿ ಅದು. ಡಿಫಾಲ್ಟ್ ಆಗಿ ಸ್ಲ್ಯಾಶ್ ಅದರೊಳಗಿದೆ. ಆ ಪಟ್ಟಿಯಿಂದ ಸ್ಲ್ಯಾಶ್ ಒಂದನ್ನು ತೆಗೆದು ಝೆಡ್‌ಎಸ್‌ಎಚ್‌ಆರ್‌ಸಿಯಲ್ಲಿ ಹಾಕಿಕೊಂಡರೆ ಕಂಟ್ರೋಲ್-ಡಬ್ಲ್ಯೂ ತುಂಗಾತೀರ ಅವರು ಕೇಳಿದ ಹಾಗೇ ಆಗುತ್ತದೆ. ಚುಕ್ಕಿ ಪಟ್ಟಿಯಲ್ಲಿ ಉಳಿದಿರುವುದರಿಂದ ‘ಆಕ್ಸೆಸ್.ಲಾಗ್’ ಒಟ್ಟಿಗೇ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ ಇದೆ. ಎಡಿಟರ್ ಅಥವಾ ವಿಷುಯಲ್ ವೇರಿಯಬಲ್‌ನಲ್ಲಿ ‘ವಿಐ’ ಅನ್ನುವ ಎರಡಕ್ಷರ ಇದ್ದರೆ ಝೆಡ್‌ಶೆಲ್ ತಾನಾಗಿ ವಿಐ ಮೋಡ್‌ಗೆ (ವಿಐ ಎಡಿಟರ್‌ನ ಕೀಗಳಿಗೆ) ಹೋಗುತ್ತದೆ. ವಿಮ್ ಹಾಕಿದರೂ ಅಷ್ಟೇ, ನಿಯೋವಿಮ್ ಹಾಕಿದರೂ ಅಷ್ಟೇ. ನಿನ್ನೆವರೆಗೆ ಸಾಲಿನ ಆರಂಭಕ್ಕೆ ಹೋಗುತ್ತಿದ್ದ ಕಂಟ್ರೋಲ್-ಎ ಇವತ್ತು ಯಾಕೆ ಇಲ್ಲ ಅಂತ ಜನ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಬೈಂಡ್‌ಕೀ -ಇ ಅಂತ ಒಂದು ಸಾಲು ಹಾಕಿ, ಉಳಿದ ಬೈಂಡಿಂಗ್‌ಗಳನ್ನು ಅದರ ಕೆಳಗೆ ಬರೆಯಿರಿ.

ಮ್ಯಾಕ್‌ನ ಟರ್ಮಿನಲ್‌ನಲ್ಲಿ ಆಲ್ಟ್ ಶಾರ್ಟ್‌ಕಟ್‌ಗಳು ಬೇಕಾದರೆ ಪ್ರೊಫೈಲ್ ಸೆಟ್ಟಿಂಗ್‌ನ ಕೀಬೋರ್ಡ್ ಭಾಗದಲ್ಲಿ ಆಪ್ಷನ್ ಕೀಯನ್ನು ಮೆಟಾ ಕೀಯಾಗಿ ಬಳಸುವ ಗುರುತು ಹಾಕಬೇಕು. ಇಲ್ಲದಿದ್ದರೆ ವಿಚಿತ್ರ ಚಿಹ್ನೆಗಳು ಬರುತ್ತವೆ.

ಸಣ್ಣಕರ್ಸರ್

ಝೆಡ್‌ಶೆಲ್‌ನಲ್ಲಿ ಕಂಟ್ರೋಲ್-ಯು ಕೂಡ ಬೇರೆ. ಬ್ಯಾಶ್‌ನಲ್ಲಿ ಕರ್ಸರ್‌ನಿಂದ ಎಡಕ್ಕಿರುವುದು ಮಾತ್ರ ಹೋಗುತ್ತದೆ, ಝೆಡ್‌ಶೆಲ್‌ನಲ್ಲಿ ಇಡೀ ಸಾಲು.

ಕಡಲಕರೆ

ನನ್ನ ಪ್ರಶ್ನೆ ಸ್ವಲ್ಪ ಬೇರೆ, ಆದರೆ ಇಲ್ಲೇ ಕೇಳುತ್ತೇನೆ. ಕನ್ನಡ ಪುಸ್ತಕಗಳ ಸ್ಕ್ಯಾನ್ ಫೈಲ್‌ಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೇವೆ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿ ಇದೆ. ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿದಾಗ ಮಾತ್ರ ಕನ್ನಡ ಹೆಸರು ಟೈಪ್ ಮಾಡಿ ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಅರ್ಧ ಒಡೆದು ಕಸದಂತೆ ಕಾಣುತ್ತದೆ. ಇದನ್ನೂ ಇನ್‌ಪುಟ್‌ಆರ್‌ಸಿಯಲ್ಲಿ ಸರಿ ಮಾಡಬಹುದಾ?

ಕಪ್ಪುಪರದೆ

ಒಳ್ಳೆಯ ಪ್ರಶ್ನೆ ಕೇಳಿದ್ರಿ. ಸರ್ವರ್‌ನಲ್ಲಿ ಲೊಕೇಲ್ (ಭಾಷೆ, ಅಕ್ಷರ ಸಂಕೇತಗಳ ಸೆಟ್ಟಿಂಗ್) ಅಂತ ಕಮಾಂಡ್ ಕೊಡಿ. ಅಲ್ಲಿ ಸಿ ಅಥವಾ ಪೊಸಿಕ್ಸ್ ಅಂತ ಬಂದರೆ ತೊಂದರೆ ಅಲ್ಲೇ ಇದೆ.

ಯುಟಿಎಫ್-8ರಲ್ಲಿ ‘ಕ’ ಅನ್ನುವ ಒಂದಕ್ಷರ ಮೂರು ಬೈಟ್. ‘ಕನ್ನಡ’ ಅನ್ನುವುದರಲ್ಲಿ ಐದು ಯುನಿಕೋಡ್ ಸಂಕೇತಗಳಿವೆ: ಕ, ನ, ಹಲಂತದ ಗುರುತು, ನ, ಡ. ಒಟ್ಟು 15 ಬೈಟ್. ಸಿ ಲೊಕೇಲ್‌ನಲ್ಲಿ ರೀಡ್‌ಲೈನ್‌ಗೆ ಒಂದು ಬೈಟ್ ಅಂದರೆ ಒಂದು ಅಕ್ಷರ. ನೀವು ಬ್ಯಾಕ್‌ಸ್ಪೇಸ್ ಒತ್ತಿದಾಗ ‘ಡ’ದ ಮೂರರಲ್ಲಿ ಒಂದು ಬೈಟ್ ಹೋಗಿ ಎರಡು ಉಳಿಯುತ್ತವೆ. ಆ ಎರಡಕ್ಕೆ ಅರ್ಥವೇ ಇಲ್ಲ, ಅದೇ ನಿಮಗೆ ಕಸವಾಗಿ ಕಾಣುವುದು.

ಇದಕ್ಕೆ ಕನ್ವರ್ಟ್-ಮೆಟಾ ಅನ್ನುವ ಸೆಟ್ಟಿಂಗ್ ಕೂಡ ಸೇರಿಕೊಳ್ಳುತ್ತದೆ. ಅದು ಆನ್ ಇದ್ದರೆ ಎಂಟನೇ ಬಿಟ್ ಇರುವ ಬೈಟನ್ನು ‘ಎಸ್ಕೇಪ್ ಮತ್ತು ಒಂದು ಅಕ್ಷರ’ ಅಂತ ಓದುತ್ತದೆ, ಅಂದರೆ ಆಲ್ಟ್ ಒತ್ತಿದ ಹಾಗೆ. ಕನ್ನಡದ ಪ್ರತಿ ಬೈಟ್‌ನಲ್ಲೂ ಎಂಟನೇ ಬಿಟ್ ಇದೆ! ಲೊಕೇಲ್ ಯುಟಿಎಫ್-8 ಆಗಿದ್ದರೆ ರೀಡ್‌ಲೈನ್ ಇದನ್ನು ತಾನೇ ಆಫ್ ಮಾಡುತ್ತದೆ. ಆದ್ದರಿಂದ ಇನ್‌ಪುಟ್‌ಆರ್‌ಸಿಯಲ್ಲಿ ತೇಪೆ ಹಾಕುವ ಬದಲು ಸರ್ವರ್‌ನ ಲ್ಯಾಂಗ್ ವೇರಿಯಬಲ್ ಅನ್ನು ಸಿ.ಯುಟಿಎಫ್-8 ಮಾಡಿ. ಆ ಲೊಕೇಲ್ ಈಗಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಇರುತ್ತದೆ.

ಒತ್ತಕ್ಷರದ ಮೇಲೆ ಕರ್ಸರ್ ಸರಿಯಾಗಿ ಕೂರದಿರುವುದು ಇನ್ನೊಂದು ಸಂಗತಿ. ಟರ್ಮಿನಲ್ ಎಲ್ಲವನ್ನೂ ಸಮ ಅಗಲದ ಚೌಕಗಳಲ್ಲಿ ಕೂರಿಸಲು ನೋಡುತ್ತದೆ, ನಮ್ಮ ಲಿಪಿ ಹಾಗೆ ಕೂರುವುದಿಲ್ಲ. ಅದಕ್ಕೆ ಶಾರ್ಟ್‌ಕಟ್‌ನಲ್ಲಿ ಪರಿಹಾರವಿಲ್ಲ. ಅಂಥ ಉದ್ದ ಹೆಸರು ತಿದ್ದುವಾಗ ಕಂಟ್ರೋಲ್-ಎಕ್ಸ್ ಕಂಟ್ರೋಲ್-ಇ ಒತ್ತಿ ಎಡಿಟರ್‌ಗೆ ಹೋಗಿ ನೋಡಿ. ಪಕ್ಕದಲ್ಲೇ ತೆರೆಯುವ ಗ್ರಾಫಿಕಲ್ ಎಡಿಟರ್ ಆದರೆ ಇನ್ನೂ ವಾಸಿ.

ಕಡಲಕರೆ

ಲೊಕೇಲ್ ಕೊಟ್ಟರೆ ಪೊಸಿಕ್ಸ್ ಅಂತಲೇ ಬಂತು. ಬದಲಿಸಿದೆ, ಈಗ ಬ್ಯಾಕ್‌ಸ್ಪೇಸ್ ಸರಿ ಇದೆ. ಬಹಳ ಉಪಕಾರವಾಯಿತು.

ವಿಐಹವ್ಯಾಸಿ

ಬ್ಯಾಶ್‌ನಲ್ಲಿ ವಿಐ ಮೋಡ್ ಬಳಸುವವರು ಸೆಟ್ ಎಡಿಟಿಂಗ್-ಮೋಡ್ ವಿಐ ಜೊತೆಗೆ ಸೆಟ್ ಶೋ-ಮೋಡ್-ಇನ್-ಪ್ರಾಂಪ್ಟ್ ಆನ್ ಕೂಡ ಹಾಕಿಕೊಳ್ಳಿ. ಯಾವ ಮೋಡ್‌ನಲ್ಲಿದ್ದೀರಿ ಅನ್ನುವುದು ಪ್ರಾಂಪ್ಟ್‌ನಲ್ಲೇ ಕಾಣುತ್ತದೆ. ಎಸ್ಕೇಪ್ ಒತ್ತಿದಾಗ ತಡವಾದ ಹಾಗೆ ಅನ್ನಿಸಿದರೆ ಕೀಸೆಕ್-ಟೈಮ್‌ಔಟ್ ನೋಡಿ. ಡಿಫಾಲ್ಟ್ 500 ಮಿಲಿಸೆಕೆಂಡ್. ಬರೀ ಎಸ್ಕೇಪೋ, ಆಲ್ಟ್ ಕೀಯ ಮೊದಲ ಬೈಟೋ ಅಂತ ಅಷ್ಟು ಹೊತ್ತು ಕಾಯುತ್ತದೆ. ನಾನು 50ಕ್ಕೆ ಇಳಿಸಿದ್ದೇನೆ, ನೆಟ್‌ವರ್ಕ್ ನಿಧಾನ ಇರುವ ಕಡೆ ಅಷ್ಟು ಇಳಿಸಬೇಡಿ. ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಶೆಲ್ ನಡೆಸುವ ಪ್ರೋಗ್ರಾಂ) ಒಳಗಿದ್ದರೆ ಅದರದ್ದೇ ಎಸ್ಕೇಪ್-ಟೈಮ್ ಬೇರೆ ಇದೆ, ಅದನ್ನೂ ನೋಡಬೇಕು.

ತುಂಗಾತೀರ

ಎಲ್ಲರ ಮಾತು ಕೇಳಿ ಈಗ ನನ್ನ ಫೈಲ್ ಹೀಗಿದೆ. ನೋಡಿ ಹೇಳಿ.

$ಇನ್‌ಕ್ಲೂಡ್ /ಇಟಿಸಿ/ಇನ್‌ಪುಟ್‌ಆರ್‌ಸಿ
"\ಸಿ-ಎಚ್": ಯುನಿಕ್ಸ್-ಫೈಲ್‌ನೇಮ್-ರಬ್‌ಔಟ್
"\ಇ[ಎ": ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್
"\ಇ[ಬಿ": ಹಿಸ್ಟರಿ-ಸರ್ಚ್-ಫಾರ್ವರ್ಡ್
ಸೆಟ್ ಕಂಪ್ಲೀಷನ್-ಇಗ್ನೋರ್-ಕೇಸ್ ಆನ್
"\ಇಎಸ್": "\ಸಿ-ಎಸುಡೋ \ಸಿ-ಇ"

ಕಂಟ್ರೋಲ್-ಡಬ್ಲ್ಯೂ ಹಳೆಯದೇ ಇರಲಿ ಅಂತ ಬಿಟ್ಟೆ, ಸರ್ವರ್‌ಕಾವಲು ಅವರ ಮಾತು ಸರಿ ಅನ್ನಿಸಿತು. ಮೇಲಿನ ಬಾಣಕ್ಕೆ ಹಿಸ್ಟರಿ ಹುಡುಕಾಟ ಕಟ್ಟಿದ್ದೇನೆ. ‘ಲೆಸ್’ ಅಂತ ಟೈಪ್ ಮಾಡಿ ಬಾಣ ಒತ್ತಿದರೆ ಲೆಸ್‌ನಿಂದ ಶುರುವಾಗುವ ಹಳೆಯ ಕಮಾಂಡ್‌ಗಳು ಮಾತ್ರ ಬರುತ್ತವೆ. ಕೊನೆಯ ಸಾಲು ಮ್ಯಾಕ್ರೋ. ಆಲ್ಟ್-ಎಸ್ ಒತ್ತಿದರೆ ಸಾಲಿನ ಆರಂಭಕ್ಕೆ ಹೋಗಿ ಸುಡೋ ಸೇರಿಸಿ ಮತ್ತೆ ಕೊನೆಗೆ ಬರುತ್ತದೆ.

ಕಂಟ್ರೋಲ್-ಆರ್‌ನಲ್ಲಿ ಹುಡುಕುವಾಗ ಮುಂದೆ ಹೋಗಿಬಿಟ್ಟರೆ ಕಂಟ್ರೋಲ್-ಎಸ್ ಒತ್ತಿ ಹಿಂದೆ ಬರಬಹುದು ಅಂತ ಓದಿದ್ದೆ. ಒತ್ತಿದರೆ ಟರ್ಮಿನಲ್ಲೇ ಕಲ್ಲಾಗಿ ನಿಂತಿತು. ಇದೂ ಟಿಟಿವೈ ಕೆಲಸವಾ?

ಕಪ್ಪುಪರದೆ

ಹೌದು, ಅದೇ. ಕಂಟ್ರೋಲ್-ಕ್ಯೂ ಒತ್ತಿ, ಮತ್ತೆ ಓಡುತ್ತದೆ. ಟೆಲಿಟೈಪ್ ಕಾಲದ ತಡೆ ಅದು. ಕಾಗದದ ಪಟ್ಟಿ ಓದುವ ಯಂತ್ರಕ್ಕೆ ‘ನಿಲ್ಲು’, ‘ನಡೆ’ ಅಂತ ಹೇಳಲು ಇದ್ದ ಎರಡು ಸಂಕೇತಗಳು ಇವತ್ತಿಗೂ ಟಿಟಿವೈನಲ್ಲಿ ಉಳಿದಿವೆ. ಬ್ಯಾಶ್‌ಆರ್‌ಸಿಯಲ್ಲಿ ಎಸ್‌ಟಿಟಿವೈ -ಐಎಕ್ಸ್‌ಆನ್ ಅಂತ ಒಂದು ಸಾಲು ಹಾಕಿ. ಇನ್‌ಪುಟ್‌ಆರ್‌ಸಿಯಲ್ಲಿ ಅಲ್ಲ, ಇದು ಕರ್ನಲ್‌ಗೆ ಹೇಳುವ ಮಾತು. ಆಮೇಲೆ ಕಂಟ್ರೋಲ್-ಎಸ್ ಹುಡುಕಾಟಕ್ಕೆ ಸಿಗುತ್ತದೆ.

ಫೈಲ್ ಚೆನ್ನಾಗಿದೆ. ಇದರ ಒಂದು ಲಾಭ ನಿಮಗೆ ಮುಂದೆ ಕಾಣುತ್ತದೆ. ರೀಡ್‌ಲೈನ್ ಬಳಸುವ ಬೇರೆ ಪ್ರೋಗ್ರಾಂಗಳಲ್ಲೂ, ಜಿಡಿಬಿ (ಪ್ರೋಗ್ರಾಂ ದೋಷ ಹುಡುಕುವ ಸಾಧನ) ಥರದವು, ಇದೇ ಬೈಂಡಿಂಗ್‌ಗಳು ನಡೆಯುತ್ತವೆ. ಆದರೆ ಆಲ್ಟ್-ಎಸ್ ಸುಡೋ ಜಿಡಿಬಿಯಲ್ಲಿ ಬಂದು ಏನು ಮಾಡಬೇಕು? ಆ ಸಾಲನ್ನು ‘$ಇಫ್ ಬ್ಯಾಶ್’ ಮತ್ತು ‘$ಎಂಡ್‌ಇಫ್’ ನಡುವೆ ಇಡಿ. ಆಗ ಅದು ಬ್ಯಾಶ್‌ಗೆ ಮಾತ್ರ.

ಪೈಥಾನ್ ಬಳಸುವವರು ಗಮನಿಸಿ, 3.13ರಿಂದ ಅದರ ಇಂಟರ್‌ಪ್ರಿಟರ್‌ಗೆ ಹೊಸ ಸ್ವಂತ ಸಾಲು-ತಿದ್ದುಗ ಬಂದಿದೆ. ನಿಮ್ಮ ಬೈಂಡಿಂಗ್ ಅಲ್ಲಿ ಸಿಗದಿದ್ದರೆ ಗಾಬರಿ ಬೇಡ. ಪೈಥಾನ್_ಬೇಸಿಕ್_ರೆಪಲ್ ಅನ್ನುವ ವೇರಿಯಬಲ್‌ಗೆ 1 ಕೊಟ್ಟು ಶುರು ಮಾಡಿದರೆ ಹಳೆಯದು ಬರುತ್ತದೆ.

ಹೊಳೆಮೀನು

ಫಿಶ್ ಶೆಲ್‌ನಲ್ಲಿ ಇದೆಲ್ಲ ಹೇಗೆ? ಅಲ್ಲೂ ಇನ್‌ಪುಟ್‌ಆರ್‌ಸಿ ನಡೆಯುತ್ತದಾ?

ಝೆಡ್‌ಶೆಲ್‌ಹಾದಿ

ಇಲ್ಲ, ಫಿಶ್ ಕೂಡ ರೀಡ್‌ಲೈನ್ ಬಳಸುವುದಿಲ್ಲ. ಆದರೆ ತುಂಗಾತೀರ ಅವರು ಕೇಳಿದ್ದು ಅಲ್ಲಿ ಡಿಫಾಲ್ಟ್ ಆಗಿಯೇ ಇದೆ, ಕಂಟ್ರೋಲ್-ಡಬ್ಲ್ಯೂ ಒತ್ತಿದರೆ ಪಾತ್‌ನ ಒಂದು ಭಾಗ ಮಾತ್ರ ಅಳಿಯುತ್ತದೆ. ಬದಲಿಸಬೇಕಾದರೆ ಫಿಶ್_ಕೀ_ರೀಡರ್ ಅಂತ ಕಮಾಂಡ್ ಕೊಟ್ಟು ಬೇಕಾದ ಕೀ ಒತ್ತಿ. ಆ ಕೀಗೆ ಬೈಂಡ್ ಸಾಲು ಹೇಗೆ ಬರೆಯಬೇಕು ಅನ್ನುವುದನ್ನು ಅದೇ ತೋರಿಸುತ್ತದೆ. ಅದನ್ನು ಕಾನ್ಫಿಗ್.ಫಿಶ್ ಫೈಲಿಗೆ ಹಾಕಿಕೊಳ್ಳಿ.